ಓನರ್ ಆಂಟಿ ಮೊಮ್ಮಗಳಿಗೆ ಹಾಕಿಸಿದ ಇಂಜೆಕ್ಷನ್

ಕಳೆದ ವಾರ ಯಲಹಂಕದ ಮಾರ್ಕೆಟ್ಟಿನಲ್ಲಿ ಅವರೆಕಾಯಿ ರಾಶಿಯ ಮುಂದೆ ನಿಂತಿದ್ದೆ. ಸೊಗಡಿನ ವಾಸನೆ ಮೂಗಿಗೆ ಬಡಿಯಿತು. ಬೆರಳಿಗೆ ಅಂಟಿದರೆ ಸೋಪಿಗೂ ಜಗ್ಗದ ಆ ವಾಸನೆಯ ಜೊತೆಗೇ ನಮ್ಮ ಓನರ್ ಆಂಟಿ ನೆನಪಾದರು...

ಅಟ್ಟೂರಿನಲ್ಲಿ ಅವರ ಮನೆಯ ಮಹಡಿಯ ಮೇಲೆ ನಾವು ಬಾಡಿಗೆಗಿದ್ದೆವು. ಅವರದು ಆ ಊರಿನದೇ ಹಳೆಯ ಮನೆತನ. ಲೇಔಟ್ ಆಗುವ ಮೊದಲು ನಮ್ಮ ಬೀದಿಯಿದ್ದ ಜಾಗದಲ್ಲಿ ಅವರ ರಾಗಿ ಹೊಲವಿತ್ತಂತೆ. ಚಳಿಗಾಲ ಬಂತೆಂದರೆ ಮೂಟೆ ಅವರೆಕಾಯಿ ತರಿಸಿ, ಮೆಟ್ಟಿಲ ಬಳಿ ಸುರಿದು, ಸುಲಿಯಲು ನನ್ನನ್ನೂ ಕರೆಯುತ್ತಿದ್ದರು. ಕೂತರೆ ಊರಿನ ಸುದ್ದಿಯೆಲ್ಲ ಬರುತ್ತಿತ್ತು.

ಒಂದು ದಿನ ಮಾತ್ರ ಊರಿನ ಸುದ್ದಿ ಬಿಟ್ಟು ಮನೆಯದೇ ಸುದ್ದಿ ತೆಗೆದರು. ಹನ್ನೊಂದು ವರ್ಷದ ಮೊಮ್ಮಗಳನ್ನು ಜ್ವರಕ್ಕೆಂದು ವಿದ್ಯಾರಣ್ಯಪುರದ ಮಕ್ಕಳ ಡಾಕ್ಟರಿಗೆ ತೋರಿಸಿ ಬಂದಿದ್ದರು. ಮುಂದೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬರದ ಹಾಗೆ ಎಚ್‌ಪಿವಿ ಲಸಿಕೆ ಇದೆ, ಈ ವಯಸ್ಸಿನಲ್ಲೇ ಹಾಕಿಸಿಬಿಡಿ ಎಂದು ಆ ಡಾಕ್ಟರಮ್ಮ ಹೇಳಿದ್ದರಂತೆ. ಆಂಟಿಯ ಮಗನಿಗೆ ಅದು ಸರಿಬರಲಿಲ್ಲ. ಇನ್ನೂ ಮೈನೆರೆಯದ ಹುಡುಗಿಗೆ ಅದೆಲ್ಲ ಯಾಕೆ, ನಾಳೆ ಮಕ್ಕಳಾಗದೆ ಹೋದರೆ ಏನು ಗತಿ, ಗಂಡಿನ ಕಡೆಯವರಿಗೆ ಗೊತ್ತಾದರೆ ಏನಂದುಕೊಂಡಾರು ಎಂದು ರೇಗಿದನಂತೆ.

ಆಂಟಿಯ ತಂಗಿ ತೀರಿಕೊಂಡದ್ದು ಅದೇ ಕಾಯಿಲೆಯಲ್ಲಿ. ಕೊನೆಯ ತಿಂಗಳುಗಳಲ್ಲಿ ತಂಗಿಯನ್ನು ಕರೆತಂದು ಆರೈಕೆ ಮಾಡಿದವರು ಇವರೇ. ಕಾಯಿಲೆಯ ವಾಸನೆಗೆ ಹೇಸಿ ತಂಗಿಯ ಓರಗಿತ್ತಿಯರೂ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದರಂತೆ. ಅದನ್ನು ಹೇಳುವಾಗ ಆಂಟಿಯ ಕೈ ಸುಲಿಯುವುದನ್ನು ನಿಲ್ಲಿಸಿತು.

"ನೀನೂ ಬಾ ಕಣಮ್ಮ ಜೊತೇಲಿ. ಆ ಡಾಕ್ಟ್ರನ್ನ ಎಲ್ಲಾ ಕೇಳ್ಬುಡಾನ," ಎಂದರು.

ಶನಿವಾರ ಹೋದೆವು. ಮಗನ ಪ್ರಶ್ನೆಗಳನ್ನೆಲ್ಲ ಆಂಟಿ ತಮ್ಮವೇ ಎಂಬಂತೆ ಕೇಳಿದರು. ಆ ವೈರಸ್ ಹರಡುವುದು ಗಂಡುಹೆಣ್ಣಿನ ಕೂಡುವಿಕೆಯಿಂದ, ಅದು ಮೈ ಸೇರುವ ಮೊದಲೇ ಹಾಕಿದರೆ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೇ ಚಿಕ್ಕ ವಯಸ್ಸಿನಲ್ಲಿ ಎಂದರು ಡಾಕ್ಟರು. ಮುಂದೆ ಮಕ್ಕಳಾಗುವುದಕ್ಕೆ ಇದರಿಂದ ತೊಂದರೆಯಿಲ್ಲ. ತೋಳು ನೋಯಬಹುದು, ಸ್ವಲ್ಪ ಮೈ ಬಿಸಿಯಾಗಬಹುದು, ಅಷ್ಟೇ. ಲಸಿಕೆ ಹಾಕಿಸಿಕೊಂಡರೂ ದೊಡ್ಡವಳಾದ ಮೇಲೆ ಆಗಾಗ ಪರೀಕ್ಷೆ ಮಾಡಿಸುವುದನ್ನು ಬಿಡಬಾರದು ಎಂದೂ ಹೇಳಿದರು.

ಏಳುವಾಗ ಆಂಟಿ ದನಿ ತಗ್ಗಿಸಿ, "ನಂಗೂ ಒಂದು ಆಕ್ಬುಡಿ ಅತ್ಲಾಗೆ," ಎಂದರು.

ಡಾಕ್ಟರು ನಕ್ಕರು. "ನಿಮ್ಮ ವಯಸ್ಸಿಗೆ ಲಸಿಕೆಯಿಂದ ಉಪಯೋಗ ಇಲ್ಲಮ್ಮ. ನಿಮಗೆ ಬೇಕಾಗಿರೋದು ಪರೀಕ್ಷೆ. ಹೆರಿಗೆ ಡಾಕ್ಟರ ಹತ್ರ ಹೋಗಿ, ಐದು ನಿಮಿಷದ ಕೆಲಸ."

ಅಂದು ಸಂಜೆ ಮಗ ಮತ್ತೆ ಎಗರಾಡಿದ. ನಾನು ಮೆಟ್ಟಿಲಿಳಿಯುತ್ತಿದ್ದೆ. ಆಂಟಿ ಕೂತಲ್ಲಿಂದಲೇ ಮೆಲ್ಲಗೆ ಹೇಳಿದರು: "ನಿಮ್ ಚಿಕ್ಕಮ್ಮನ ಚಟ್ಟಕ್ಕೆ ಎಗಲು ಕೊಟ್ಟೋನು ನೀನೇ ಅಲ್ವೇನಪ್ಪಾ. ಇನ್ನೊಂದು ಇಂಗೇ ಓಗೋದು ಬ್ಯಾಡ." ಮುಂದಿನ ವಾರ ಮಗಳನ್ನೂ ತಾಯಿಯನ್ನೂ ಕಾರಿನಲ್ಲಿ ಕರೆದೊಯ್ದವನು ಅವನೇ. ಎರಡನೆಯ ಸಲದ ಇಂಜೆಕ್ಷನ್ನಿಗೂ ಅವನೇ ಹೋದ.

ತಮ್ಮ ಪರೀಕ್ಷೆಯನ್ನು ಮಾತ್ರ ಆಂಟಿ ಮುಂದೂಡುತ್ತಲೇ ಬಂದರು. ನಾನು ಕೇಳಿದಾಗಲೆಲ್ಲ ಏನೋ ಒಂದು... ಮನೆಗೆ ಬಣ್ಣ ಹೊಡೆಸಬೇಕು, ಸೊಸೆಯ ಬಾಣಂತನ ಮುಗಿಯಲಿ. ಒಮ್ಮೆ ಮಾತ್ರ ನಿಜ ಹೇಳಿದರು. "ಈ ವಯಸ್ನಲ್ಲಿ ಮಲಗಿ ಅದೆಲ್ಲಾ ತೋರ್ಸೋಕೆ ನಾಚ್ಕೆ ಆಗ್ತದೆ ಕಣಮ್ಮ."

ಆಮೇಲೆ ನಾವು ಜಾಲಹಳ್ಳಿಯ ಕಡೆ ಮನೆ ಬದಲಾಯಿಸಿದೆವು. ಒಂದು ದಿನ ಸೊಸೆಯ ಫೋನು ಬಂತು. ಮುಟ್ಟು ನಿಂತು ವರ್ಷಗಳಾಗಿದ್ದ ಆಂಟಿಗೆ ಮತ್ತೆ ರಕ್ತ ಹೋಗುತ್ತಿತ್ತಂತೆ. ಯಾರಿಗೂ ಹೇಳದೆ, ಬೆಳಗಾಗುವ ಮೊದಲೇ ಎದ್ದು ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದರಂತೆ. ಗೊತ್ತಾಗುವಷ್ಟರಲ್ಲಿ ತಂಗಿಗೆ ಬಂದಿದ್ದ ಕಾಯಿಲೆಯೇ ಇವರಲ್ಲೂ ಬಲಿತಿತ್ತು.

ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡರು. "ಆ ಡಾಕ್ಟ್ರು ಏಳಿದ್ರು. ನಾನೇ ಕಿವಿ ಮೇಲೆ ಆಕ್ಕೊಳ್ಳಲಿಲ್ಲ," ಎಂದರು. ಯುಗಾದಿಗೆ ಮುಂಚೆ ಹೋಗಿಬಿಟ್ಟರು...

ಮಾರ್ಕೆಟ್ಟಿನಿಂದ ಬಂದವಳೇ ಅವರ ಸೊಸೆಗೆ ಫೋನು ಮಾಡಿದೆ. ಮೊಮ್ಮಗಳು ಈಗ ಡಿಗ್ರಿ ಓದುತ್ತಿದ್ದಾಳೆ. ಹೋದ ತಿಂಗಳು ಹಟ ಹಿಡಿದು ಅಮ್ಮನನ್ನು ಪರೀಕ್ಷೆಗೆ ಕರೆದೊಯ್ದಳಂತೆ. ಒಳಗೂ ಜೊತೆಗೇ ಹೋಗಿ ತಲೆಯ ಹತ್ತಿರ ನಿಂತಿದ್ದಳಂತೆ. ಏನೂ ತೊಂದರೆಯಿಲ್ಲ ಎಂದು ರಿಪೋರ್ಟು ಬಂದಿದೆ.

ಕೇಳಿ ನೆಮ್ಮದಿಯಾಯಿತು. ಫೋನಿಟ್ಟು, ತಂದಿದ್ದ ಅವರೆಕಾಯಿ ಸುಲಿಯಲು ಕೂತೆ. ತಂಗಿಗೂ ಮೊಮ್ಮಗಳಿಗೂ ಜೊತೆಯಾಗಿ ನಿಂತ ಆಂಟಿಯನ್ನು ಹಾಗೆ ಕರೆದೊಯ್ದು ಜೊತೆಗೆ ನಿಲ್ಲಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.