ಉದಾಹರಣೆಸಹಿತ ವಿವರಿಸಿ

ಕಾಲೇಜಿನಲ್ಲಿ ಮನೋವಿಜ್ಞಾನದ ಮೊದಲ ನಾಲ್ಕು ಪಾಠ ಮುಗಿಯುವಷ್ಟರಲ್ಲಿ ತಂಗಿ ಅಣ್ಣನಿಗೆ ‘ಮಿದುಳು ಪಂಡಿತ’ ಎಂದು ಹೆಸರಿಟ್ಟಾಗಿತ್ತು. ಅಲ್ಪವಿದ್ಯಾ ಮಹಾಗರ್ವಿ ಎನ್ನುವುದಕ್ಕೆ ಆ ಮನೆಯಲ್ಲಿ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಪ್ಪ ಕನ್ನಡಕ ಹುಡುಕಿದರೆ ಗಮನವೆಂದರೇನು ಎಂಬ ಭಾಷಣ. ತಂಗಿ ಅತ್ತರೆ, ಮಿದುಳಿನ ಯಾವ ಭಾಗ ಅಳುತ್ತಿದೆಯೆಂದು ಚಿತ್ರ ಬರೆದು ತೋರಿಸುತ್ತಿದ್ದ. ಯಾರು ಏನೇ ಹೇಳಲಿ, ‘ಹಾಗೆ ಅನ್ಸುತ್ತೆ ಅಷ್ಟೇ’ ಎಂಬುದೇ ಪಲ್ಲವಿ. ಅಮ್ಮ ಮಾತ್ರ, ಮಗ ಓದುತ್ತಿದ್ದಾನಲ್ಲ ಎಂದು, ಎಲ್ಲಕ್ಕೂ ಹೂಂಗುಟ್ಟುತ್ತಿದ್ದಳು. ಅವನಿಗಿಂತ ಮೊದಲು ಹುಟ್ಟಿ ಐದನೇ ತಿಂಗಳಿಗೇ ತೀರಿಕೊಂಡ ಕೂಸು, ಕೊನೆಯ ದಿನ ತನ್ನನ್ನು ‘ಅಮ್ಮ’ ಎಂದು ಕರೆಯಿತೆಂದು ಅವಳು ಆಗಾಗ ಹೇಳುವುದಿತ್ತು. ಪರೀಕ್ಷೆಯಲ್ಲಿ ‘ಸುಳ್ಳು ನೆನಪು ಎಂದರೇನು? ಉದಾಹರಣೆಸಹಿತ ವಿವರಿಸಿ’ ಎಂದು ಕೇಳಿದಾಗ ಪಂಡಿತ ಅಮ್ಮನ ಆ ಮಾತನ್ನೇ ಉದಾಹರಣೆಯಾಗಿ ಬರೆದ. ಉತ್ತರಪತ್ರಿಕೆ ಕೈಗೆ ಬಂದ ದಿನ ನೇರ ಅಡುಗೆಮನೆಗೆ ನುಗ್ಗಿ, ಆ ಪುಟವನ್ನು ಗಟ್ಟಿಯಾಗಿ ಓದಿದ. ಅಮ್ಮ ಒಲೆ ಆರಿಸಿದಳು. ‘ಎಷ್ಟು ಕೊಟ್ರೋ ಇದಕ್ಕೆ?’ ‘ಐದಕ್ಕೆ ಐದು!’ ‘ಹಾಗಾದ್ರೆ ನೀನು ಹೇಳಿದ್ದೇ ಸರಿ ಇರುತ್ತೆ ಬಿಡು’ ಎಂದಳು. ಆಮೇಲೆ ಅವಳು ಆ ಕೂಸಿನ ಸುದ್ದಿ ಎತ್ತಲೇ ಇಲ್ಲ. ಪಂಡಿತನಿಗೆ ಅದು ಗಮನಕ್ಕೂ ಬರಲಿಲ್ಲ.