ಬಾವಿಯಿಂದ ಬಂದ ಓಕುಳಿ

ಅತ್ತಿಗೆ ಬಾವಿಯಿಂದ ಸೇದಿದ ನೀರು ಗುಲಾಬಿ ಬಣ್ಣಕ್ಕಿತ್ತು. ಒಂದು ಗಳಿಗೆ ಕಣ್ಣರಳಿಸಿ ನೋಡಿದವಳೇ "ಓಕುಳಿ!" ಎಂದು ಕೂಗಿ ಇಡೀ ಕೊಡವನ್ನು ನನ್ನ ತಲೆಮೇಲೆ ಸುರಿದಳು. ಓಕುಳಿಯಲ್ಲಿ ಮೈದುನನನ್ನು ತೋಯಿಸುವುದು ಅತ್ತಿಗೆಯ ಹಕ್ಕಲ್ಲವೇ? ನಾನು ಬಿಡುತ್ತೇನೆಯೇ! ನೋಡನೋಡುತ್ತಲೇ ಓಣಿಯ ಅತ್ತಿಗೆ-ಮೈದುನರೆಲ್ಲ ಜಡಿಮಳೆಯಲ್ಲೇ ಎರಚಾಟಕ್ಕಿಳಿದರು.

ಅಷ್ಟರಲ್ಲಿ ಹೆಲ್ತ್ ಇನ್‌ಸ್ಪೆಕ್ಟರು ಕೂಗುತ್ತ ಓಡಿಬಂದರು. ಪಕ್ಕದೂರಿಗೆ ಕಾಲರಾ ಬಂದಿದ್ದರಿಂದ ರಾಯದುರ್ಗದಿಂದ ಸೈಕಲ್ ತುಳಿದು ಬಂದು, ಮದರಾಸು ಸರ್ಕಾರದ ಕೆಂಪು ಮದ್ದನ್ನು ಬಾವಿಗೆ ಹಾಕಿ, ಡಂಗುರ ಸಾರಿಸಲು ತಳವಾರನನ್ನು ಹುಡುಕುತ್ತಿದ್ದರಂತೆ.

"ಕಾಲರಾ ಮದ್ದು ರೀ ಅದು! ಚೆಲ್ಲಬ್ಯಾಡ್ರಿ, ಕಾಸಿ ಕುಡೀರಿ!" ಎನ್ನುವಷ್ಟರಲ್ಲಿ, ಅತ್ತಿಗೆ ನನಗೆಂದು ಎತ್ತಿದ ಕೊಡದ ನೀರು ಅವರ ಬಿಳಿ ಅಂಗಿಯ ಮೇಲೆ ಬಿತ್ತು. ಸರ್ಕಾರದ ಮನುಷ್ಯ! ಎಲ್ಲರೂ ಎತ್ತಿದ ಕೊಡಗಳನ್ನು ಕೆಳಗಿಳಿಸಿದೆವು.

ಅವರು ನಿಧಾನವಾಗಿ ಮುಖ ಒರೆಸಿಕೊಂಡು, "ನಾ ನಿಮಗ ಮೈದುನ ಯಾವಾಗ ಆದೆನ್ರೀ?" ಎಂದರು. ನಗು ಬಾವಿಯೊಳಗೂ ಮೊಳಗಿತು.

ಅಂದಿನಿಂದ ಪ್ರತಿ ಮಳೆಗಾಲ ಅವರು ಸೈಕಲ್ ಗಂಟೆ ಬಾರಿಸುತ್ತ, "ಅತ್ತಿಗೀ, ನೀರು ಕಾಸೀರೇನ್ರಿ?" ಎಂದೇ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಕಾಸದೆ ಇರುವುದುಂಟೇ? ಸರ್ಕಾರದ ಮಾತಾಗಿದ್ದರೆ ಅತ್ತಿಗೆ ಮರೆಯುತ್ತಿದ್ದಳೇನೋ. ಇದು ಮೈದುನನ ಮಾತು!