ಬಾವ ಕೇಳಿದ್ದು ತನ್ನದೇ ಎಂಜಿನ್

ಅಪಾಕುಕಿ ನನ್ನ ಸೋದರಮಾವನ ಮಗ, ನನಗೆ ಬಾವ; ಅವನೂ ನನ್ನನ್ನು ಬಾವ ಎಂದೇ ಕರೆಯುತ್ತಾನೆ. ನಮ್ಮ ವನುವಾ ಲೇವು ದ್ವೀಪದಲ್ಲಿ ತಾಯಿಯ ತವರೂರಿನಲ್ಲಿ ಸೋದರಳಿಯನಿಗಿರುವ ಸಲಿಗೆ ಇನ್ಯಾರಿಗೂ ಇಲ್ಲ. ಕಣ್ಣಿಗೆ ಬಿದ್ದ ಕೋಳಿಯನ್ನು ಹಿಡಿದುಕೊಂಡು ಹೋದರೂ ಯಾರೂ ಚಕಾರ ಎತ್ತುವುದಿಲ್ಲ. ಆ ಸಲಿಗೆಯನ್ನು ನಾನು ಚಿಕ್ಕಂದಿನಿಂದ ಚೆನ್ನಾಗಿಯೇ ಬಳಸಿಕೊಂಡವನು. ಅವನ ಮೀನಿನ ಈಟಿ, ಹೊಸ ಅಂಗಿ, ಒಮ್ಮೆ ಅವನ ಮದುವೆಗೆಂದು ಕಟ್ಟಿಹಾಕಿದ್ದ ಹಂದಿ, ಎಲ್ಲವನ್ನೂ ತಂದಿದ್ದೇನೆ. ಇಷ್ಟನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ಹೇಳಬೇಕಾದ್ದು ಇದಕ್ಕಿಂತ ಕೆಟ್ಟದಾಗಿದೆ.

ಅಪಾಕುಕಿ ಕುಳ್ಳ, ಗಟ್ಟಿ ಮೈಯವನು, ಮಾತು ಕಡಿಮೆ. ಹನ್ನೊಂದು ವರ್ಷ ಕೊಬ್ಬರಿ ಒಣಗಿಸಿ ಮಾರಿ ಒಂದು ದೋಣಿ ಎಂಜಿನ್ ಕೊಂಡ. ಊರಿಗೆ ಅದೇ ಮೊದಲನೆಯದು. ಕೊಂಡ ಮಾರನೆಯ ದಿನದಿಂದಲೇ ಜನ ಅವನ ಮನೆಗೆ ಬಂದು ಚಾಪೆಯ ಮೇಲೆ ಕೂತು ‘ಕೆರೆಕೆರೆ’ ಎನ್ನತೊಡಗಿದರು. ಆ ಮಾತು ಹೇಳಿ ಕೇಳಿದವರಿಗೆ ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಇಲ್ಲವೆಂದವನು ಮುಂದೆ ಊರಿನಲ್ಲಿ ತಲೆ ಎತ್ತಿ ತಿರುಗುವುದು ಕಷ್ಟ. ಹಾಗಾಗಿ ಎಂಜಿನ್ ಮದುವೆಗೆ ಹೋಯಿತು, ಆಸ್ಪತ್ರೆಗೆ ಹೋಯಿತು, ಸುಮ್ಮನೆ ಮಜಾ ಮಾಡುವವರ ಜೊತೆಗೂ ಹೋಯಿತು. ಉಪ್ಪುನೀರು ಕುಡಿದು ಹಿಂದಿರುಗಿದಾಗ ಅವನು ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಅದರ ಒಂದೊಂದು ಭಾಗವನ್ನೂ ತಿಕ್ಕಿ ಒಣಗಿಸುತ್ತಿದ್ದ. ಮರುದಿನ ಮೀನಿಗೆ ಹೊರಟಾಗ ಎಂಜಿನ್ ಇನ್ನೊಬ್ಬರ ಮನೆಯಲ್ಲಿರುತ್ತಿತ್ತು.

“ಈ ಊರಲ್ಲಿ ಎಂಜಿನ್ ಇಟ್ಕೊಂಡು ಹುಟ್ಟು ಹಾಕೋನು ನನ್ ಗಂಡ ಒಬ್ನೇ,” ಎನ್ನುತ್ತಿದ್ದಳು ಅವನ ಹೆಂಡತಿ ಟೊರಿಕಾ. ಅವಳ ನಾಲಿಗೆಗೆ ಊರೇ ಹೆದರುತ್ತಿತ್ತು.

ನಾನು ಪಟ್ಟಣದ ಕೌನ್ಸಿಲ್‌ನಲ್ಲಿ ಗುಮಾಸ್ತ. ನಾಲ್ಕು ವರ್ಷದ ಹಿಂದೆ ಸರ್ಕಾರಕ್ಕೆ ಒಂದು ಯೋಜನೆ ಹೊಳೆಯಿತು. ಪ್ರತಿ ಮನೆಯೂ ಎಲ್ಲವನ್ನೂ ಕೊಳ್ಳುವುದು ಯಾಕೆ, ಒಂದು ಕಡೆ ಇಟ್ಟು ಎಲ್ಲರೂ ಸರದಿಯ ಮೇಲೆ ಬಳಸಲಿ ಎಂದು. ಕೌನ್ಸಿಲ್ ಬಾವನ ಊರಿನ ದಡದ ಹತ್ತಿರದ ಹಳೆಯ ಶೆಡ್ ಕೊಟ್ಟಿತು. ಪಟ್ಟಣದ ಹಾರ್ಡ್‌ವೇರ್ ಅಂಗಡಿಯವರು ಮರ ಕೊಯ್ಯುವ ಗರಗಸ, ಹುಲ್ಲು ಕತ್ತರಿಸುವ ಯಂತ್ರ ಕೊಟ್ಟರು. ಪ್ರವಾಸಿಗಳ ರೆಸಾರ್ಟಿನವರು ಫೈಬರ್ ದೋಣಿ ಕೊಟ್ಟು ತಾವೂ ಸದಸ್ಯರಾದರು. ರಾಜಧಾನಿ ಸುವಾದಿಂದ ಬಂದ ಅಧಿಕಾರಿ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ: “ನಿಮ್ಮ ಕೆರೆಕೆರೆ ಇದೆಯಲ್ಲ, ಅದೇ ಇದು. ಅದಕ್ಕೊಂದು ಶಿಸ್ತು ತರ್ತಾ ಇದೀವಿ, ಅಷ್ಟೆ.” ನನಗೆ ಆ ಮಾತು ಬಹಳ ಹಿಡಿಸಿತು. ಹಂಚಿಕೆ ಮನೆ ಎಂದು ಬೋರ್ಡು ಬರೆಸಿ, ಅದರ ಉಸ್ತುವಾರಿಯನ್ನು ನನಗೇ ಕೊಟ್ಟರು. ಮಂತ್ರಿಗಳು ಉದ್ಘಾಟನೆಗೆ ಬರುವವರಿದ್ದರು. ದೋಣಿ ಇತ್ತು, ಅದಕ್ಕೆ ಎಂಜಿನ್ ಇರಲಿಲ್ಲ.

ನಾನು ನೆಟ್ಟಗೆ ಬಾವನ ಮನೆಗೆ ಹೋಗಿ ಕೂತು, ಕೆರೆಕೆರೆ ಎಂದೆ.

“ಎಷ್ಟು ದಿನಕ್ಕೆ?” ಎಂದ.

“ದಿನದ ಮಾತಲ್ಲ ಬಾವ. ಪೂರ್ತಿ ಬೇಕು. ಅಲ್ಲಿದ್ರೆ ಎಲ್ಲರ್ದೂ ಆಯ್ತು, ನಿಂದೂ ಆಯ್ತು.”

“ಹಂದಿ ಎಳ್ಕೊಂಡು ಹೋದಾಗ್ಲೂ ಇದೇ ರಾಗ ಹಾಡಿದ್ದೆ. ಆವಾಗ ನಂಗೆ ಒಂದು ಕಾಲಾದ್ರೂ ಸಿಕ್ಕಿತ್ತು.”

ಒಲೆಯ ಮುಂದಿದ್ದ ಟೊರಿಕಾ ತಿರುಗಿದಳು. “ಮನೇಲಿನ್ನು ಉಳಿದಿರೋದು ನಾನೊಬ್ಳು, ಅಣ್ಣ. ನನ್ನೂ ಅಲ್ಲಿ ತಗೊಂಡ್ಹೋಗಿ ನೇತುಹಾಕ್ತೀಯಾ?”

“ನಿನ್ನ ಯಾರಮ್ಮ ಬುಕ್ ಮಾಡ್ತಾರೆ? ತಗೊಂಡೋರು ಸಂಜೆಯೊಳಗೆ ವಾಪಸ್ ತಂದುಬಿಡ್ತಾರೆ,” ಎಂದೆ. ಮೂವರೂ ನಕ್ಕೆವು. ಬಾವ ಎದ್ದು ಎಂಜಿನ್ನನ್ನು ತಾನೇ ಹೆಗಲ ಮೇಲೆ ಹೊತ್ತು ಶೆಡ್ಡಿಗೆ ತಂದಿಟ್ಟ. ಬ್ರಷ್ಷನ್ನೂ ತಂದಿದ್ದ.

ಹಂಚಿಕೆ ಮನೆಯಿಂದ ಒಳ್ಳೆಯದೂ ಆಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಹಿಂದೆ ಕೇಳಲು ಸಂಕೋಚಪಡುತ್ತಿದ್ದ ವಿಧವೆಯರು ಧೈರ್ಯವಾಗಿ ಬಂದು ಸಹಿ ಹಾಕಿ ಯಂತ್ರ ಒಯ್ದರು. ಒಯ್ದ ಸಾಮಾನನ್ನು ಕೆಡಿಸಿ ತರುವುದು ನಿಂತಿತು. ಯಾವುದಕ್ಕೂ ಮೂರು ದಿನ ಮೊದಲೇ ಹೆಸರು ಬರೆಸಬೇಕು, ಅಷ್ಟೇ ನಿಯಮ. ಎಂಜಿನ್ನನ್ನು ಎಲ್ಲರಿಗಿಂತ ಹೆಚ್ಚು ಬರೆಸುತ್ತಿದ್ದವರು ರೆಸಾರ್ಟಿನವರು. ಅವರ ಬಳಕೆಯಿಂದಲೇ ನನ್ನ ವರದಿ ತುಂಬಿಕೊಂಡು ಕಾಣುತ್ತಿತ್ತು. ಸುವಾದಿಂದ ಶಹಬ್ಬಾಸ್ ಎಂದು ಪತ್ರ ಬಂದಾಗ ನಾನು ಅದನ್ನು ಗೋಡೆಗೆ ಅಂಟಿಸಿದೆ.

ಅದೊಂದು ಗುರುವಾರ, ಬೆಳಿಗ್ಗೆ ಎಂಟು ಗಂಟೆ. ಇಬ್ಬರು ಹೆಂಗಸರು ಹುಲ್ಲಿನ ಯಂತ್ರಕ್ಕಾಗಿ ನನ್ನೆದುರು ನಿಂತಿದ್ದರು. ಬಾವ ಬಂದ. ಸೊಂಟಕ್ಕೆ ಕಪ್ಪು ಸುಲು ಪಂಚೆ ಸುತ್ತಿದ್ದ, ಕಂಕುಳಲ್ಲಿ ಹೊಸ ಚಾಪೆಯ ಸುರುಳಿ ಇತ್ತು. ಬಂದವನು ಬೆಂಚಿನ ಮೇಲೆ ಕೂರದೆ ನೆಲದ ಮೇಲೆ ಕಾಲು ಮಡಚಿ ಕೂತ. ಕೊಲ್ಲಿಯ ಆಚೆ ದಡದಲ್ಲಿದ್ದ ಅವನ ಸೋದರಮಾವ ತೀರಿಕೊಂಡಿದ್ದರು. ಬಾವನ ತಂದೆ ಸತ್ತ ಮೇಲೆ ಅವನನ್ನು ಹೊಟ್ಟೆಗೆ ಹಾಕಿ ಸಾಕಿದ ಮಾವ ಅವರು. ಹೆಣ ಇಡುವಂತಿಲ್ಲವೆಂದು ಮಧ್ಯಾಹ್ನ ಹನ್ನೆರಡಕ್ಕೇ ಮಣ್ಣು ಮಾಡುವುದೆಂದು ಆಗಷ್ಟೇ ಸುದ್ದಿ ಬಂದಿತ್ತು. ಗುಂಡಿಗೆ ಇಳಿಸುವಾಗ ಪೆಟ್ಟಿಗೆಯ ಕೆಳಗೆ ಹಾಸುವ ಚಾಪೆ ಸೋದರಳಿಯನದೇ ಆಗಬೇಕು. ಎಂಜಿನ್ ಇದ್ದರೆ ಒಂದೂವರೆ ಗಂಟೆಯ ದಾರಿ, ಹುಟ್ಟು ಹಾಕಿದರೆ ಐದಾರು ಗಂಟೆ.

“ಕೆರೆಕೆರೆ, ಬಾವ,” ಎಂದ. “ಸಂಜೆಯೊಳಗೆ ತಂದಿಡ್ತೀನಿ.”

“ಇವತ್ತು ರೆಸಾರ್ಟಿನೋರು ಬರೆಸಿದಾರೆ. ಹತ್ತು ಗಂಟೆಗೆ ಬರ್ತಾರೆ.”

“ಅವ್ರಿಗೆ ಒಂದ್ಮಾತು ಹೇಳಿ ನೋಡಕ್ಕಾಗಲ್ವಾ?”

“ಎಲ್ರಿಗೂ ಒಂದೇ ನಿಯಮ ಬಾವ. ನಿಂಗೊಬ್ನಿಗೆ ಮುರಿದ್ರೆ ನಾಳೆ ಇವ್ರು ಕೇಳ್ತಾರೆ,” ಎಂದು ಹೆಂಗಸರ ಕಡೆ ಕೈ ತೋರಿಸಿದೆ.

ಅವರು ಏನೂ ಕೇಳಿರಲಿಲ್ಲ. ಒಬ್ಬಾಕೆ ಮುಖ ಆ ಕಡೆ ತಿರುಗಿಸಿಕೊಂಡಳು. ಅದು ತನ್ನದೇ ಎಂಜಿನ್ ಎಂದು ಅವನು ಹೇಳುತ್ತಾನೆಂದು ನಾನು ಕಾಯುತ್ತಿದ್ದೆ. ಹೇಳಿದ್ದರೆ ಕೊಟ್ಟುಬಿಡುತ್ತಿದ್ದೆನೇನೋ. ಅವನು ಹೇಳಲಿಲ್ಲ. “ಆಯ್ತು ಬಾವ, ನಿನ್ನ ಕಷ್ಟ ನಿಂಗೆ,” ಎಂದು ಚಾಪೆ ಎತ್ತಿಕೊಂಡು ಹೋದ.

ಹತ್ತು ನಿಮಿಷವಾಗಿರಬಹುದು, ಫೋನ್ ಬಂತು. ರೆಸಾರ್ಟಿನ ಹುಡುಗಿ. ಅತಿಥಿಗಳಿಗೆ ಇವತ್ತು ಸಮುದ್ರ ಬೇಡವಂತೆ, ಈಜುಕೊಳದಲ್ಲೇ ಇರುತ್ತಾರಂತೆ, ದೋಣಿ ಬೇಡ. “ಸರಿ, ಹಾಗಾದ್ರೆ ಇವತ್ತು ದೋಣಿ ಬೇಡ,” ಎಂದು ಫೋನ್ ಇಟ್ಟೆ. ಕಿಟಕಿಯಿಂದ ದಡ ಕಾಣುತ್ತಿತ್ತು. ಬಾವ ಇನ್ನೂ ಅಲ್ಲೇ ಇದ್ದ. ಹಳೆಯ ಮರದ ದೋಣಿಯಿಂದ ತೆಂಗಿನ ಚಿಪ್ಪಿನಲ್ಲಿ ನೀರು ಮೊಗೆದು ಹಾಕುತ್ತಿದ್ದ. ಚಾಪೆಗೆ ಪ್ಲಾಸ್ಟಿಕ್ ಸುತ್ತಿದ್ದ. ಒಂದು ಸಲ ಕೂಗಿದ್ದರೆ ಸಾಕಿತ್ತು, ಅಷ್ಟು ಹತ್ತಿರ.

ನಾನು ಕೂಗಲಿಲ್ಲ. ಆ ಹೆಂಗಸರು ಇನ್ನೂ ಅಲ್ಲೇ ನಿಂತಿದ್ದರು. ಎಲ್ಲರಿಗೂ ಒಂದೇ ನಿಯಮ ಎಂದು ಈಗ ತಾನೇ ದೊಡ್ಡದಾಗಿ ಹೇಳಿದವನು, ಅವರ ಮುಂದೆ ಕಿಟಕಿಯಿಂದ ತಲೆ ಹೊರಹಾಕಿ ಬಾ ಬಾ ಎಂದು ಕರೆಯಬೇಕಾಗಿತ್ತು. ನನಗೆ ನಾಚಿಕೆಯಾಯಿತು. ಇಷ್ಟೇ ಕಾರಣ. ಬೇರೆ ಏನಾದರೂ ಸಿಗುತ್ತದೆಯೇ ಎಂದು ಎಷ್ಟೋ ಸಲ ಹುಡುಕಿದ್ದೇನೆ, ಸಿಕ್ಕಿಲ್ಲ. ಅವನು ದೋಣಿ ತಳ್ಳಿ ಹತ್ತಿದ. ಭೂಶಿರ ದಾಟಿ ಮರೆಯಾಗುವವರೆಗೂ ನಾನು ತಲೆ ತಗ್ಗಿಸಿ ಫಾರಂ ತುಂಬಿಸುತ್ತಿದ್ದೆ. ಎಂಜಿನ್ ಇಡೀ ದಿನ ನನ್ನ ಬೆನ್ನ ಹಿಂದಿನ ಸ್ಟ್ಯಾಂಡಿನಲ್ಲಿತ್ತು.

ಅವನು ತಲುಪಿದಾಗ ಎರಡು ಗಂಟೆಯಾಗಿತ್ತಂತೆ. ಮಾವನ ಮಕ್ಕಳು ಒಂದು ಗಂಟೆ ಕಾದು, ಆಮೇಲೆ ಬೇರೆಯವರ ಚಾಪೆ ಹಾಸಿ ಮಣ್ಣು ಮುಚ್ಚಿದ್ದರು. ಅವನು ತಂದ ಚಾಪೆಯನ್ನು ಹಸಿ ಮಣ್ಣಿನ ಮೇಲೆ ಹಾಸಿ ಅಲ್ಲೇ ಕೂತನಂತೆ. ಬಡವರ ಮನೆಯ ಸಾವಿಗೂ ತಡವಾಗಿ ಬರುವಷ್ಟು ದೊಡ್ಡ ಮನುಷ್ಯ ಆಗಿಬಿಟ್ಯಾ ಎಂದು ಅಲ್ಲಿನ ಮುದುಕಿಯೊಬ್ಬಳು ಕೇಳಿದಳಂತೆ. ಅವನು ನನ್ನ ಹೆಸರನ್ನಾಗಲಿ ಹಂಚಿಕೆ ಮನೆಯ ಹೆಸರನ್ನಾಗಲಿ ಎತ್ತಲಿಲ್ಲ.

ಈಗ ನಿಯಮ ಬದಲಾಗಿದೆ. ಬೇರೆ ಯಾರ ಹೆಸರು ಬರೆದಿದ್ದರೂ, ಸಾವು, ಹೆರಿಗೆ ಎಂದು ಬಂದವರಿಗೇ ಮೊದಲು. ಆ ಸಾಲನ್ನು ಬರೆದವನು ನಾನೇ. ಸುವಾದವರು ಅದನ್ನು ಬೇರೆ ಊರುಗಳಿಗೂ ಹೇಳಿಕೊಡುತ್ತಾರೆ, ಸಭೆಗಳಲ್ಲಿ ನನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿಸುತ್ತಾರೆ. ಎದ್ದು ನಿಂತು ತಲೆಬಾಗಿಸುತ್ತೇನೆ. ಒಳಗೆ ಹಿಡಿಯಷ್ಟಾಗಿಬಿಡುತ್ತೇನೆ.

ಮಣ್ಣಾದ ಹನ್ನೊಂದನೆಯ ದಿನ ಭಾನುವಾರ. ಚರ್ಚಿನಿಂದ ಬಂದು ಊಟಕ್ಕೆ ಕೂರುವ ಹೊತ್ತಿಗೆ ಬಾವ ಮತ್ತು ಟೊರಿಕಾ ನಮ್ಮ ಮನೆಗೆ ಬಂದರು. ಜಗಳಕ್ಕೇ ಬಂದಿದ್ದಾರೆಂದುಕೊಂಡೆ. ನಿಯಮ, ವರದಿ, ಮೇಲಿನವರು ಎಂದು ಹೇಳಬೇಕಾದ ಉತ್ತರವನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಅವನು ಬಾಗಿಲ ಹತ್ತಿರ, ಎಲ್ಲಕ್ಕಿಂತ ಕೆಳಗಿನ ಜಾಗದಲ್ಲಿ ಕೂತ. ನಾವು ಅರೆದು ಕುಡಿಯುವ ಯಂಗೋನ ಬೇರಿನ ಒಂದು ಕಟ್ಟನ್ನು ನನ್ನ ಮುಂದೆ ಇಟ್ಟ. ತಪ್ಪು ಮಾಡಿದವರು ಕ್ಷಮೆ ಕೇಳಲು ಬರುವಾಗ ಹೀಗೆ ಬೇರು ತರುತ್ತಾರೆ.

ತಲೆ ತಗ್ಗಿಸಿಯೇ ಮಾತಾಡಿದ. “ಬಾವ, ಅವತ್ತು ನೀನು ಕೆಲಸದ ಮೇಲೆ ಕೂತಿದ್ದೆ. ನಾನು ಬಂದು ನಾಲ್ಕು ಜನದ ಮುಂದೆ ಕೆರೆಕೆರೆ ಅಂದುಬಿಟ್ಟೆ. ನಿಂಗೆ ಕೊಡಕ್ಕಾಗಲಿಲ್ಲ, ಇಲ್ಲ ಅನ್ನಕ್ಕೂ ಕಷ್ಟ ಆಯ್ತು. ನಿನ್ನ ಮುಖ ನೋಡ್ದೆ ನಾನು. ನಿನ್ನ ಬಾಯಿಂದ ಇಲ್ಲ ಅನ್ನಿಸಿದ್ದು ನನ್ನ ತಪ್ಪು. ಹನ್ನೊಂದು ದಿನದಿಂದ ಅದೇ ಚುಚ್ತಾ ಇದೆ.”

ಟೊರಿಕಾ ನನ್ನನ್ನೇ ನೋಡುತ್ತಿದ್ದಳು. ಫೋನ್ ಬಂದಾಗ ಅಲ್ಲಿ ನಿಂತಿದ್ದ ಹೆಂಗಸರಲ್ಲಿ ಒಬ್ಬಾಕೆ ಅವಳ ಪಕ್ಕದ ಮನೆಯವಳು. ಇವಳಿಗೆ ಎಲ್ಲವೂ ಗೊತ್ತಿತ್ತು, ಗಂಡನಿಗೆ ಹೇಳಿರಲಿಲ್ಲ. ಅಷ್ಟು ಮಾತಿನ ಹೆಂಗಸು ನಾನೇ ಹೇಳಲಿ ಎಂದು ಕಾದಳು.

ಎಂಜಿನ್ ಖಾಲಿ ಇತ್ತು ಬಾವ, ನೀನಿನ್ನೂ ದಡದಲ್ಲೇ ಇದ್ದೆ. ಇಷ್ಟು ಮಾತು ನನ್ನ ಗಂಟಲಿನವರೆಗೆ ಬಂದಿತ್ತು.

ನಾನು ಆ ಬೇರಿನ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, “ನಿನ್ನ ತಪ್ಪನ್ನ ಕ್ಷಮಿಸಿದೀನಿ ಬಾವ,” ಎಂದೆ. ಅವನು ಆಗ ತಲೆ ಎತ್ತಿದ. ಅವನ ಮುಖ ಹಗುರಾಗಿತ್ತು.